6 ವಾರದ ಹಿಮ, 46 ವಾರದ ಪೆಟ್ಟಿಗೆ: ಸೀಸನ್‌ಗೆ ಮಾತ್ರ ಒಂದು ಪುಟ್ಟ ರೈಲು ಲೇಔಟ್

ಹೊಸ ಹಳಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಸಣ್ಣ ಮಾಡೆಲ್ ರೈಲು ಲೇಔಟ್ ಕಟ್ಟಬೇಕು ಅಂತ ಆಸೆ. ವರ್ಷಪೂರ್ತಿ ಹರಡಿಕೊಂಡು ಇಡಲು ಜಾಗವಿಲ್ಲ. ಚಳಿಗಾಲದಲ್ಲಿ 6 ವಾರ ಹೊರಗೆ ತೆಗೆಯುವುದು, ಆಮೇಲೆ ಎತ್ತಿಡುವುದು. ಹಿಮ ಬಿದ್ದ ಒಂದು ಹಳ್ಳಿ, ಒಂದು ಸ್ಟೇಷನ್, ಸುತ್ತ ಓಡುವ ಒಂದು ರೈಲು. ಅಷ್ಟೇ.

ನನ್ನ ಹತ್ತಿರ ಎನ್ ಸ್ಕೇಲಿನ (ಅಸಲಿಗಿಂತ 160 ಪಟ್ಟು ಚಿಕ್ಕ ಅಳತೆಯ) ಒಂದು ಎಂಜಿನ್, ನಾಲ್ಕು ಬೋಗಿ, ಒಂದು ಸುತ್ತಿನ ಹಳಿ ಇದೆ. ಹೋದ ವರ್ಷ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, ಮೇಲೆ ಹತ್ತಿ ಉದುರಿಸಿ ಓಡಿಸಿದ್ದೆ. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಎಂಜಿನ್ ಮುಲುಗಿ ನಿಂತೇ ಬಿಟ್ಟಿತು. ಈ ಸಲ ಸರಿಯಾಗಿ ಮಾಡಬೇಕು. ಹಲಗೆ ಎಷ್ಟು ದೊಡ್ಡದು ಬೇಕು? ಹಿಮಕ್ಕೆ ಏನು ಬಳಸುತ್ತೀರಿ?

ಗಾರ್ಡ್ ಡಬ್ಬಿ

ಹಿಮದ ಮಾತು ಆಮೇಲೆ. ಮೊದಲು ನನ್ನದೊಂದು ಪ್ರಶ್ನೆ. ಉಳಿದ 46 ವಾರ ಇದು ಎಲ್ಲಿರುತ್ತದೆ?

ಸುಮ್ನೆ ಕೇಳುತ್ತಿಲ್ಲ. ನನ್ನ ಮೊದಲ ಸೀಸನ್ ಲೇಔಟಿಗೆ 40 ಸೆಂ.ಮೀ. ಎತ್ತರದ ಬೆಟ್ಟ ಮಾಡಿದ್ದೆ. ನೋಡಿದವರೆಲ್ಲ ಹೊಗಳಿದರು. ಎತ್ತಿಡುವ ದಿನ ಬಂತು. ಮಂಚದ ಕೆಳಗೆ ಇದ್ದ ಜಾಗ 22 ಸೆಂ.ಮೀ.! ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ನಾನು ಬೆಟ್ಟ ಕೊಯ್ದು ಮಂಚದಡಿ ತಳ್ಳಿದೆ.

ಅವತ್ತಿನಿಂದ ನಾನು ಪೆಟ್ಟಿಗೆಯಿಂದ ಶುರು ಮಾಡುತ್ತೇನೆ. ಎತ್ತಿಡುವ ಜಾಗದ ಉದ್ದ, ಅಗಲ, ಎತ್ತರ ಅಳೆಯಿರಿ. ಅಲ್ಲಿಗೆ ಹೋಗುವ ದಾರಿಯ ಬಾಗಿಲನ್ನೂ ಅಳೆಯಿರಿ. ಅದರಲ್ಲಿ ಕೂರುವ ಹಲಗೆ ಎಷ್ಟೋ ಅಷ್ಟೇ ನಿಮ್ಮ ಊರು. ಹಾಸಿಗೆ ಇದ್ದಷ್ಟು ಕಾಲು ಚಾಚು, ಪೆಟ್ಟಿಗೆ ಇದ್ದಷ್ಟು ಹಳಿ ಚಾಚು.

ಹೊಸ ಹಳಿ

ಹಹ್ಹ, ಅಳೆದೆ. ಕಪಾಟಿನ ಮೇಲೆ 95 ಸೆಂ.ಮೀ. ಉದ್ದ, 65 ಅಗಲ, 25 ಎತ್ತರ ಸಿಗುತ್ತದೆ. ಸಾಕಾ?

ಗಾರ್ಡ್ ಡಬ್ಬಿ

ಎನ್ ಸ್ಕೇಲಿಗೆ ಧಾರಾಳ ಸಾಕು. ನಿಮ್ಮ ಹಳಿಯ ತಿರುವಿನ ತ್ರಿಜ್ಯ ಎಷ್ಟು? ಕಾಟೋ ಕಂಪನಿಯ ಯೂನಿಟ್ರ್ಯಾಕ್ ಹಳಿ ಆದರೆ 249 ಮಿ.ಮೀ. ಅಥವಾ 282 ಇರಬಹುದು. ತುಂಡಿನ ಅಡಿಭಾಗದಲ್ಲಿ ನೋಡಿ.

249 ಅಂದುಕೊಳ್ಳೋಣ. ಪೂರ್ತಿ ವೃತ್ತದ ಅಡ್ಡಳತೆ 498. ಹಳಿಯ ಕೆಳಗಿನ ಪ್ಲಾಸ್ಟಿಕ್ ಜಲ್ಲಿ 25 ಮಿ.ಮೀ. ಅಗಲ. ಒಟ್ಟು ಸುಮಾರು 523. ಹಾಗಾಗಿ 600 ಮಿ.ಮೀ. ಅಗಲದ ಹಲಗೆಯಲ್ಲಿ ಎರಡೂ ಕಡೆ ಹತ್ತಿರ ಹತ್ತಿರ ನಾಲ್ಕು ಸೆಂ.ಮೀ. ಅಂಚು ಉಳಿಯುತ್ತದೆ. ನಡುವೆ ಎರಡೂ ಬದಿಗೆ ಒಂದೊಂದು 248 ಮಿ.ಮೀ. ನೇರ ತುಂಡು ಹಾಕಿದರೆ ಉದ್ದ 771. ಸ್ಟೇಷನ್‌ಗೆ ಅಷ್ಟು ನೇರ ಬೇಕೇ ಬೇಕು. 600 × 900 ಹಲಗೆ ಮಾಡಿ, ಮುಗಿಯಿತು.

ಹಲಗೆಗೆ ಬರೀ ಪ್ಲೈವುಡ್ ಬೇಡ. ತೂಕ ಜಾಸ್ತಿ, ತೇವಕ್ಕೆ ಸೊಟ್ಟಗಾಗುತ್ತದೆ. 25 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ (ಒತ್ತೊತ್ತಾದ, ಗಟ್ಟಿ) ಫೋಮ್ ಹಾಳೆ ತೆಗೆದುಕೊಳ್ಳಿ, ಸುತ್ತ ತೆಳು ಮರದ ಚೌಕಟ್ಟು ಹಾಕಿ. ಪ್ಯಾಕಿಂಗಿಗೆ ಬರುವ ಬಿಳಿ ಥರ್ಮೋಕೋಲ್ ಬೇರೆ. ಅದನ್ನು ಕೊಯ್ದರೆ ಮಣಿ ಮಣಿ ಉದುರಿ ಎಲ್ಲ ಕಡೆ ಅಂಟಿಕೊಳ್ಳುತ್ತದೆ. ಫೋಮ್‌ಗೆ ಯಾವ ಅಂಟು ಹಾಕುತ್ತೀರೋ ಮೊದಲು ಒಂದು ಚೂರಿನ ಮೇಲೆ ನೋಡಿ. ಕೆಲವು ಅಂಟು, ಸ್ಪ್ರೇ ಪೇಂಟ್ ಫೋಮನ್ನೇ ಕರಗಿಸಿಬಿಡುತ್ತವೆ.

ಸಣ್ಣ ಸಿಳ್ಳೆ

ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ. ಸೀಸನ್‌ಗೆ ಮಾತ್ರ ಅಂದರೆ ಮಕ್ಕಳು ಮುಟ್ಟುತ್ತಾರೆ, ನೆಂಟರು ಎತ್ತಿ ನೋಡುತ್ತಾರೆ. ಎನ್ ಸ್ಕೇಲ್ ಅಂದರೆ 1:160, ಹಳಿಗಳ ನಡುವೆ 9 ಮಿ.ಮೀ. ಜಾರಿದ ಬೋಗಿಯನ್ನು ಹಳಿಗೆ ಏರಿಸಲು ಅವರಿಂದಾಗಲ್ಲ. ನನ್ನ ಮನೆಯಲ್ಲಿ ಎಚ್‌ಒ. 1:87, ಹಳಿ 16.5 ಮಿ.ಮೀ. ಐದು ವರ್ಷದ ಮಗುವೂ ಏರಿಸುತ್ತದೆ.

ಇನ್ನೊಂದು. ಸೀಸನ್‌ಗೆ ಅಂತ ಮಾರುವ ಪಿಂಗಾಣಿ ಮನೆಗಳು ಎಚ್‌ಒಗೂ ದೊಡ್ಡವೇ. ಎನ್ ರೈಲಿನ ಪಕ್ಕ ಇಟ್ಟರೆ ರಾಕ್ಷಸರ ಊರಿಗೆ ಆಟಿಕೆ ಬಂದ ಹಾಗೆ ಕಾಣುತ್ತದೆ. ಅಂಥ ಮನೆಗಳನ್ನೇ ಇಡಬೇಕು ಅನ್ನುವವರು ಒಎನ್30 ನೋಡಬಹುದು. ರೈಲು 1:48, ಆದರೆ ಓಡುವುದು ಎಚ್‌ಒ ಹಳಿಯ ಮೇಲೆ. ಸಣ್ಣ ತಿರುವಲ್ಲಿ ದೊಡ್ಡ ರೈಲು!

ಗಾರ್ಡ್ ಡಬ್ಬಿ

ಮಾತು ಸರಿಯೇ. ಆದರೆ ಎಚ್‌ಒದಲ್ಲಿ ಮೆರ್ಕ್ಲಿನ್ ಕಂಪನಿಯ ಸಿ-ಹಳಿಯ ಆರ್1 ತಿರುವಿನ ತ್ರಿಜ್ಯವೇ 360 ಮಿ.ಮೀ. ಬೇರೆ ಹಲವು ಸೆಟ್‌ಗಳಲ್ಲಿ 18 ಇಂಚು, ಅಂದರೆ 457. ಅದಕ್ಕೆ ಹತ್ತಿರ ಹತ್ತಿರ ಒಂದು ಮೀಟರ್ ಅಗಲದ ಹಲಗೆ ಬೇಕು. ಅವರ ಕಪಾಟಿನ ಮೇಲೆ 65 ಸೆಂ.ಮೀ. ಇದೆ. ಅಲ್ಲಿಗೆ ವಾದ ಮುಗಿಯಿತು ಅಲ್ವಾ? ಅದೂ ಅಲ್ಲದೆ ಅವರ ಕೈಯಲ್ಲಿ ಎನ್ ಎಂಜಿನ್ ಆಗಲೇ ಇದೆ.

ಅಡ್ಡಪಟ್ಟಿ

ಒಂದು ಸುತ್ತು ಹಳಿ ಕೆಳಗೆ, ಇನ್ನೊಂದು ಮೇಲೆ, ನಡುವೆ ಸೇತುವೆ. ಎಂಟರ ಆಕಾರ ಮಾಡಿದರೆ ಚೆಂದ ಕಾಣುತ್ತದೆ. ಯಾಕೆ ಯಾರೂ ಹೇಳುತ್ತಿಲ್ಲ?

ಗಾರ್ಡ್ ಡಬ್ಬಿ

ಲೆಕ್ಕ ಹಾಕಿ ನೋಡಿದವರು ಹೇಳಲ್ಲ. ಎನ್‌ನಲ್ಲಿ ಒಂದು ರೈಲಿನ ಮೇಲೆ ಇನ್ನೊಂದು ದಾಟಲು ಸುಮಾರು 50 ಮಿ.ಮೀ. ಏರಬೇಕು. ನೂರಕ್ಕೆ 3ರ ಏರು ಇಟ್ಟರೆ 1,667 ಮಿ.ಮೀ. ಉದ್ದ ಬೇಕು. 249 ತ್ರಿಜ್ಯದ ಪೂರ್ತಿ ಸುತ್ತೇ 1,564. ಒಂದು ಸುತ್ತು ಹಾಕಿದರೂ ಏರು ಮುಗಿಯಲ್ಲ, ಇಳಿಯುವುದು ಬೇರೆ ಬಾಕಿ. ತಿರುವಿನಲ್ಲಿ ಏರು ಇದ್ದರೆ ಎಂಜಿನ್ ಇನ್ನೂ ಜಾಸ್ತಿ ಒದ್ದಾಡುತ್ತದೆ. ಹಳಿ ಸಮತಟ್ಟಾಗಿರಲಿ. ಎತ್ತರ ತಗ್ಗು ಎಲ್ಲ ನೆಲದಲ್ಲಿ ತೋರಿಸಿ. ಹಳಿಯ ಹೊರಗೆ ನೆಲವನ್ನು 2 ಸೆಂ.ಮೀ. ಇಳಿಸಿದರೂ ಸಾಕು, ರೈಲು ದಿಣ್ಣೆಯ ಮೇಲೆ ಓಡುತ್ತಿದೆ ಅನ್ನಿಸುತ್ತದೆ.

ಮಂಜಿನ ಗುಡ್ಡ

ಈಗ ಹಿಮ. ನನ್ನ ಸರದಿ.

ಹೊಸ ಹಳಿ, ನಿಮ್ಮ ಎಂಜಿನ್ ನಿಂತದ್ದಕ್ಕೆ ಕಾರಣ ಬಹುಶಃ ಆ ಹತ್ತಿ. ಎಂಜಿನ್ ತಿರುಗಿಸಿ ಚಕ್ರದ ಹಿಂದೆ ನೋಡಿ. ಎಳೆಗಳು ಅಚ್ಚಿಗೆ ಸುತ್ತಿಕೊಂಡಿರುತ್ತವೆ. ಚಿಮಟದಿಂದ ನಿಧಾನವಾಗಿ ಎಳೆದು ತೆಗೆಯಿರಿ. ಒಳಗಿನ ಗೇರಿಗೂ ಹೋಗಿರಬಹುದು. ಹತ್ತಿ ಹಳಿಯಿಂದ ದೂರ ಇರಲಿ. ಬಿಸಿಯಾಗುವ ಹಳೇ ಬಲ್ಬಿನ ಹತ್ತಿರವಂತೂ ಬೇಡವೇ ಬೇಡ, ಬೆಂಕಿ ಹಿಡಿಯುವ ವಸ್ತು.

ಅಡುಗೆ ಸೋಡಾ ಉದುರಿಸಿ ಅಂತ ಯಾರಾದರೂ ಹೇಳುತ್ತಾರೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಅದು ತೇವ ಹೀರಿ ಗಟ್ಟಿಯಾಗುತ್ತದೆ. ತೇವ ಸೇರಿದರೆ ಹಳಿಯ ಲೋಹವನ್ನೂ ಬೆಸುಗೆಯನ್ನೂ ತಿನ್ನುತ್ತದೆ. 46 ವಾರ ಮುಚ್ಚಿಡುವ ಲೇಔಟಿಗೆ ಅದಕ್ಕಿಂತ ಕೆಟ್ಟದ್ದು ಉಪ್ಪು ಒಂದೇ.

ನಾನು ಮಾಡುವುದು ಹೀಗೆ. ಬಿಳಿ ಅಕ್ರಿಲಿಕ್ ಪೇಂಟಿಗೆ ಬಿಳಿ ಮರದ ಅಂಟು ಬೆರೆಸಿ ದಪ್ಪಗೆ ಬಳಿಯುತ್ತೇನೆ. ಹಸಿ ಇರುವಾಗಲೇ ಮೇಲಿನಿಂದ ಮಾರ್ಬಲ್ ಪುಡಿಯನ್ನು ಸಣ್ಣ ಜರಡಿಯಲ್ಲಿ ಹಿಡಿದು ತಟ್ಟುತ್ತೇನೆ. ಒಣಗಿದ ಮೇಲೆ ಹಲಗೆ ಬಗ್ಗಿಸಿ ಕೊಡವಿ, ಬ್ರಷ್ ಆಡಿಸಿ, ಅಂಟದೆ ಉಳಿದದ್ದನ್ನೆಲ್ಲ ತೆಗೆದುಬಿಡುತ್ತೇನೆ. ಉದುರುವ ಹಿಮ ಒಂದು ಚೂರೂ ಉಳಿಯಬಾರದು. ಉದುರುವುದೆಲ್ಲ ಕೊನೆಗೆ ಎಂಜಿನ್ ಹೊಟ್ಟೆಗೇ ಹೋಗುತ್ತದೆ. ಇದೆಲ್ಲ ಹಳಿ ಜೋಡಿಸುವ ಮೊದಲೇ ಮುಗಿಯಬೇಕು.

ಮೇಲಿನಿಂದ ತಟ್ಟಿ ಅಂದದ್ದಕ್ಕೆ ಕಾರಣ ಇದೆ. ಹಿಮ ಮೇಲಿನಿಂದ ಬೀಳುತ್ತದೆ. ಸೂರು, ಬೇಲಿಯ ತಲೆ, ಕೊಂಬೆಯ ಮೇಲ್ಭಾಗ ಇವುಗಳಲ್ಲಿ ನಿಲ್ಲುತ್ತದೆ. ಗೋಡೆಗೆ ಅಂಟುವುದು ಕಡಿಮೆ, ಸೂರಿನ ಕೆಳಗೆ ನೆಲ ಕಾಣುತ್ತದೆ. ಹೊಸಬರು ಬ್ರಷ್ ಹಿಡಿದು ಎಲ್ಲಕ್ಕೂ ಬಿಳಿ ಬಳಿಯುತ್ತಾರೆ. ಆಗ ಅದು ಹಿಮವಲ್ಲ, ಸುಣ್ಣ! ಓಡಾಡುವ ದಾರಿಯಲ್ಲಿ ಕಂದು ಕೆಸರು ತೋರಿಸಿ. ನೆರಳು ಬೀಳುವ ಹಳ್ಳಗಳಲ್ಲಿ ನೀಲಿ ಪೇಂಟಿನ ಒಂದೇ ಹನಿ ಬೆರೆಸಿದ ಬಿಳಿ ಬಳಿಯಿರಿ. ಕಣ್ಣಿಗೆ ಗೊತ್ತಾಗಲ್ಲ, ಆದರೆ ಚಳಿ ಹತ್ತುತ್ತದೆ.

ಹೊಸ ಹಳಿ

ನೀವು ಹೇಳಿದ್ದೇ ನಿಜ. ಮುಂದಿನ ಅಚ್ಚಿನಲ್ಲಿ ಪುಟ್ಟ ಬತ್ತಿಯೇ ಹೊಸೆದುಕೊಂಡಿತ್ತು. ತೆಗೆದೆ, ಓಡಿತು. ಕೆಟ್ಟೇ ಹೋಯಿತು ಅಂದುಕೊಂಡು ಹತ್ತು ತಿಂಗಳು ಮುಟ್ಟಿರಲಿಲ್ಲ.

ಒಂದು ಸಂದೇಹ. ಹಿಮವನ್ನು ಅಂಟಿಸಿಬಿಟ್ಟರೆ ಈ ಹಲಗೆ ಯಾವತ್ತಿಗೂ ಚಳಿಗಾಲವೇ. ಮುಂದೊಂದು ದಿನ ಮಳೆಗಾಲದಲ್ಲೂ ಹೊರಗೆ ತೆಗೆಯೋಣ ಅನ್ನಿಸಿದರೆ?

ಗಾರ್ಡ್ ಡಬ್ಬಿ

ಆ ಪ್ರಶ್ನೆಗೇ ಕಾಯುತ್ತಿದ್ದೆ.

ನಡುವಿನ ಊರನ್ನು ಹಲಗೆಗೆ ಅಂಟಿಸಬೇಡಿ. ಹಳಿಯ ಸುತ್ತಿನ ಒಳಗೆ ಕೂರುವ ಒಂದು ದ್ವೀಪವನ್ನು ಬೇರೆ ಫೋಮ್ ಹಾಳೆಯಲ್ಲಿ ಮಾಡಿ. ಹಿಮದ ದ್ವೀಪ ಒಂದು. ಮುಂದಿನ ವರ್ಷ ಮನಸ್ಸು ಬಂದರೆ ಮಳೆಯ ದ್ವೀಪ ಇನ್ನೊಂದು. ಹಳಿ ಇರುವ ಹಲಗೆ ಒಂದೇ. ಹೊರಗಿನ ಅಂಚು ಸಣ್ಣದು, ಅದಕ್ಕೂ ಎತ್ತಿ ಇಡಬಹುದಾದ ನಾಲ್ಕು ಪಟ್ಟಿ ಸಾಕು.

ಅಳತೆ ನೋಡಿ. ತಿರುವಿನಲ್ಲಿ ಜಲ್ಲಿಯ ಒಳ ಅಂಚು ಕೇಂದ್ರದಿಂದ 236.5 ಮಿ.ಮೀ. ದ್ವೀಪದ ತ್ರಿಜ್ಯ 233 ಇಡಿ. ಮೂರೂವರೆ ಮಿ.ಮೀ. ಸಂದು ಉಳಿಯುತ್ತದೆ, ಎತ್ತಲು ಬೇಕು. ಆ ಸಂದು ಕಾಣದಂತೆ ದ್ವೀಪದ ಅಂಚಿನಲ್ಲಿ ತಗ್ಗಾದ ಹಿಮದ ದಿಬ್ಬ ಬರಲಿ. ಎತ್ತಲು ಹಿಡಿ ಬೇಡ. ಒಂದು ಮನೆಯನ್ನು ಅಂಟಿಸದೆ ಬಿಟ್ಟು ಅದರ ಕೆಳಗೆ ಬೆರಳು ಹೋಗುವ ತೂತು ಮಾಡಿ. ದೀಪದ ತಂತಿಗೆ ಎರಡು ಪಿನ್ನಿನ ಪ್ಲಗ್. ದ್ವೀಪ ಎತ್ತಿದಾಗ ಬಿಚ್ಚಿಕೊಳ್ಳುತ್ತದೆ.

ತಿರುವಿನ ಒಳಗೆ ಬೇಲಿ, ಕಂಬ ನೆಡುವ ಮುಂಚೆ ಒಂದು ಪರೀಕ್ಷೆ. ಉದ್ದದ ಬೋಗಿ ತಿರುಗುವಾಗ ಅದರ ಹೊಟ್ಟೆ ಒಳಗೆ ಬಾಗುತ್ತದೆ, ಮೂಲೆಗಳು ಹೊರಗೆ ಚಾಚುತ್ತವೆ. ಯುರೋಪಿನ 26.4 ಮೀಟರ್ ಬೋಗಿಗೆ ಚಕ್ರದ ಗಾಡಿಗಳ ನಡುವೆ 19 ಮೀಟರ್. ಅದೇ ಬೋಗಿ 1:160ರಲ್ಲಿ 165 ಮಿ.ಮೀ. ಉದ್ದ, ನಡುವೆ 119. 249ರ ತಿರುವಿನಲ್ಲಿ ಅದರ ಹೊಟ್ಟೆ 7 ಮಿ.ಮೀ. ಒಳಗೆ ಬರುತ್ತದೆ. ಬೋಗಿಯ ನಡುವಿಗೆ ಒಂದು ಪೆನ್ಸಿಲ್ ತುಂಡು ಟೇಪ್ ಮಾಡಿ ಕೈಯಲ್ಲಿ ತಳ್ಳಿ. ಗೆರೆ ಬೀಳುತ್ತದೆ. ಆ ಗೆರೆಯ ಆಚೆಗೆ ಮಾತ್ರ ಬೇಲಿ. ಆಮೇಲೆ ಮೂಲೆಗೆ ಕಟ್ಟಿ ಹೊರಗೂ ಗೆರೆ ಎಳೆಯಿರಿ.

ಅಡ್ಡಪಟ್ಟಿ

ಮನೆ ಬಗ್ಗೆ ಒಂದು ಚಿಕ್ಕ ತಂತ್ರ. ಎನ್‌ನಲ್ಲಿ 1.7 ಮೀಟರ್ ಮನುಷ್ಯ ಸುಮಾರು 10.6 ಮಿ.ಮೀ. ಮುಂದಿನ ಸಾಲಿಗೆ ಆ ಅಳತೆಯ ಮನೆ. ಹಿಂದಿನ ಸಾಲಿಗೆ ಝಡ್ ಸ್ಕೇಲಿನ, ಅಂದರೆ 1:220ರ ಮನೆ. ದೂರ ಇದ್ದ ಹಾಗೆ ಕಾಣುತ್ತದೆ. 60 ಸೆಂ.ಮೀ. ಹಲಗೆಗೆ ಒಂದು ಫರ್ಲಾಂಗ್ ಆಳ ಬಂದುಬಿಡುತ್ತದೆ. ಆದರೆ ಎರಡು ಸಾಲಿನ ನಡುವೆ ಮರ ಇರಲಿ, ಇಲ್ಲದಿದ್ದರೆ ಕಣ್ಣು ಕಳ್ಳತನ ಹಿಡಿಯುತ್ತದೆ.

ಬೆಸುಗೆ ಕಡ್ಡಿ

ಎಲ್ಲರೂ ಮನೆ, ಹಿಮ ಅಂತ ಕೂತಿದ್ದೀರಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಮೊದಲು ಕರೆಂಟ್.

ಪ್ರತಿ ವರ್ಷ ಬಿಚ್ಚಿ ಜೋಡಿಸುವ ಹಳಿಯಲ್ಲಿ ಸಡಿಲವಾಗುವುದು ಜಾಯ್ನರ್. ಹಳಿ ಹಳಿಯನ್ನು ಹಿಡಿದಿಡುವ ಆ ಪುಟ್ಟ ಲೋಹದ ಪಟ್ಟಿ. ಒಂದೇ ಕಡೆಯಿಂದ ಕರೆಂಟ್ ಕೊಟ್ಟರೆ ಸುತ್ತಿನ ಆಚೆ ತುದಿಯಲ್ಲಿ ರೈಲು ನಿಧಾನವಾಗುತ್ತದೆ. ಹಾಗಾಗಿ ಎದುರು ಬದಿಗೂ ಒಂದು ಜೊತೆ ತಂತಿ ಎಳೆಯಿರಿ. ಎರಡೂ ಕಡೆ ಒಳ ಹಳಿಗೆ ಒಂದೇ ಬಣ್ಣ, ಹೊರ ಹಳಿಗೆ ಇನ್ನೊಂದು. ಅದಲು ಬದಲಾದರೆ ಶಾರ್ಟ್. ಸಾಧ್ಯವಾದರೆ ಹಳಿಯನ್ನು ಬಿಚ್ಚಲೇಬೇಡಿ, ಹಲಗೆಯ ಮೇಲೇ ಇರಲಿ. ಹೇಗೂ ಹಲಗೆಯೇ ಕಪಾಟಿಗೆ ಹೋಗುತ್ತದಲ್ಲ.

ಇಷ್ಟು ಸಣ್ಣದಕ್ಕೆ ಡಿಸಿಸಿ, ಅಂದರೆ ಎಂಜಿನ್‌ಗಳನ್ನು ಬೇರೆ ಬೇರೆಯಾಗಿ ನಡೆಸುವ ಡಿಜಿಟಲ್ ವ್ಯವಸ್ಥೆ, ಬೇಡ. ಒಂದು ಎಂಜಿನ್, ಒಂದು ಸುತ್ತು. 12 ವೋಲ್ಟ್ ಡಿಸಿ ಕಂಟ್ರೋಲರ್ ಸಾಕು. ಆದರೆ ದೀಪಗಳಿಗೆ ಬೇರೆ 12 ವೋಲ್ಟ್ ಅಡಾಪ್ಟರ್ ಇಡಿ. ಹಳಿಯಿಂದಲೇ ತೆಗೆದರೆ ರೈಲು ಸ್ಟೇಷನ್‌ನಲ್ಲಿ ನಿಂತಾಗ ಊರೆಲ್ಲ ಕತ್ತಲೆ.

ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್. ಒಂದಕ್ಕೆ ಒಂದು 1,000 ಓಮ್ ರೆಸಿಸ್ಟರ್ ಹಾಕಿದರೆ 9 ಮಿಲಿಆಂಪಿಯರ್ ಹರಿಯುತ್ತದೆ. ಮೂರನ್ನು ಸಾಲಾಗಿ ಜೋಡಿಸಿದರೆ 330 ಓಮ್, ಅದೇ 9. ಪುಟ್ಟ ಮನೆಗೆ ಅದೂ ಜಾಸ್ತಿ ಬೆಳಕು. ನಾನು ಇನ್ನೂ ದೊಡ್ಡ ರೆಸಿಸ್ಟರ್ ಹಾಕಿ ಮಬ್ಬು ಮಾಡುತ್ತೇನೆ. ಹಳದಿ ಛಾಯೆಯ ಎಲ್‌ಇಡಿ ತೆಗೆದುಕೊಳ್ಳಿ. ಮನೆ ಗೋಡೆಯ ಒಳಗೆ ಕಪ್ಪು ಬಳಿಯಿರಿ, ಇಲ್ಲದಿದ್ದರೆ ಗೋಡೆಯೇ ಲಾಟೀನಿನ ಹಾಗೆ ಹೊಳೆಯುತ್ತದೆ.

ಸಣ್ಣ ಸಿಳ್ಳೆ

ವೇಗದ ಬಗ್ಗೆಯೂ ಹೇಳಿಬಿಡಿ. ಎಲ್ಲರೂ ಸುಂಟರಗಾಳಿ ಬಂದ ಹಾಗೆ ಓಡಿಸುತ್ತಾರೆ.

ಗಾರ್ಡ್ ಡಬ್ಬಿ

ಹಿಮದಲ್ಲಿ ಹಳ್ಳಿ ರೈಲು ಗಂಟೆಗೆ 40 ಕಿ.ಮೀ. ಹೋಗುತ್ತಿದೆ ಅಂದುಕೊಳ್ಳಿ. 1:160ರಲ್ಲಿ ಅದು ಸೆಕೆಂಡಿಗೆ 7 ಸೆಂ.ಮೀ. ಅಷ್ಟೇ. ನಿಮ್ಮ ಸುತ್ತು, ನೇರ ತುಂಡು ಸೇರಿ, ಎರಡು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಒಂದು ಸುತ್ತಿಗೆ 30 ಸೆಕೆಂಡ್ ಹಿಡಿಯಬೇಕು. ಗಡಿಯಾರ ಹಿಡಿದು ನೋಡಿ, ಮೊದಮೊದಲು ಆಮೆ ಅನ್ನಿಸುತ್ತದೆ. ಆಮೇಲೆ ಅದೇ ಹಿತ.

ಅಷ್ಟು ನಿಧಾನಕ್ಕೆ ಓಡಬೇಕಾದರೆ ಹಳಿ, ಚಕ್ರ ಎರಡೂ ಚೊಕ್ಕಟ ಇರಬೇಕು. ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಲ್ಲಿ ಹಳಿ ಒರೆಸಿ. ಮರಳು ಕಾಗದ ಬೇಡ, ಗೀರು ಬಿದ್ದ ಕಡೆಯೇ ಕೊಳೆ ಕೂರುತ್ತದೆ. ಉಕ್ಕಿನ ನಾರಂತೂ ಮುಟ್ಟಲೇಬೇಡಿ. ಅದರ ಚೂರುಗಳನ್ನು ಮೋಟಾರಿನ ಆಯಸ್ಕಾಂತ ಒಳಕ್ಕೆ ಎಳೆದುಕೊಳ್ಳುತ್ತದೆ. ಚಕ್ರಕ್ಕೆ ಒಂದು ಉಪಾಯ: ಒದ್ದೆ ಟಿಶ್ಯೂ ಹಳಿಗೆ ಅಡ್ಡ ಹಾಸಿ. ಎಂಜಿನ್ನಿನ ಅರ್ಧ ಚಕ್ರ ಅದರ ಮೇಲೆ, ಅರ್ಧ ಹಳಿಯ ಮೇಲೆ. ಕೈಯಲ್ಲಿ ಹಿಡಿದು ಕರೆಂಟ್ ಕೊಡಿ. ಎರಡು ಕಪ್ಪು ಗೆರೆ ಮೂಡುತ್ತವೆ. ಆಮೇಲೆ ತಿರುಗಿಸಿ ಇನ್ನರ್ಧ.

ಹೊಸ ಹಳಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಕಟ್ಟಿದೆ! 600 × 900, ನಡುವೆ ಹಿಮದ ದ್ವೀಪ, ಏಳು ಮನೆ, ಒಂದು ಸ್ಟೇಷನ್. ಮಾರ್ಬಲ್ ಪುಡಿ ಚೆನ್ನಾಗಿ ಕೂತಿದೆ. ನೀಲಿ ಹನಿಯ ಮಾತು ನಂಬಿರಲಿಲ್ಲ, ಹಾಕಿದ ಮೇಲೆ ನಂಬಿದೆ.

ಎರಡು ತೊಂದರೆ. ಪೆನ್ಸಿಲ್ ಪರೀಕ್ಷೆಯನ್ನು ಒಳಗೆ ಮಾಡಿದೆ, ಹೊರಗೆ ಮರೆತೆ. ಕೊನೆಯ ಬೋಗಿಯ ಮೂಲೆ ಒಂದು ದೀಪದ ಕಂಬವನ್ನು ಸುತ್ತಿಗೊಮ್ಮೆ ಬಡಿಯುತ್ತಿತ್ತು. ನಾಲ್ಕನೇ ಸುತ್ತಿಗೆ ಕಂಬ ಮಲಗಿತು. ಅದು ನನ್ನದೇ ತಪ್ಪು, ಕಂಬ ಸರಿಸಿದೆ. ಎರಡನೆಯದು ಅರ್ಥವಾಗುತ್ತಿಲ್ಲ. ಸುರಂಗದ ಒಳಗೆ ಒಂದೇ ಜಾಗದಲ್ಲಿ ಎಂಜಿನ್ ತಡವರಿಸುತ್ತದೆ. ಹಳಿ ಎರಡು ಸಲ ಒರೆಸಿದೆ. ಎರಡು ಕಡೆ ತಂತಿಯೂ ಇದೆ.

ಬೆಸುಗೆ ಕಡ್ಡಿ

ಒಂದೇ ಜಾಗ ಅಂದರೆ ಜಾಯ್ನರ್. ಮಲ್ಟಿಮೀಟರಿನಲ್ಲಿ ಆ ಜೋಡಣೆಯ ಈಚೆ ಆಚೆ ಇಟ್ಟು ನೋಡಿ, ಪ್ರತಿ ಹಳಿಗೂ ಬೇರೆ ಬೇರೆ. ಬೆರಳಿನಿಂದ ಒತ್ತಿದಾಗ ಸರಿಯಾಗಿ, ಬಿಟ್ಟಾಗ ಕೆಟ್ಟರೆ ಅನುಮಾನವೇ ಬೇಡ. ಒಂದು ಪ್ರಶ್ನೆ, ಸುರಂಗದ ಬೆಟ್ಟ ಎತ್ತಲು ಬರುತ್ತದಾ?

ಹೊಸ ಹಳಿ

ಬರುತ್ತದೆ. ಗಾರ್ಡ್ ಡಬ್ಬಿಯವರ ಬೆಟ್ಟದ ಕಥೆ ಓದಿದ ಮೇಲೆ ಅಂಟಿಸುವ ಧೈರ್ಯ ಬರಲಿಲ್ಲ. ಎತ್ತಿ ನೋಡಿದೆ. ಒಳ ಹಳಿಯ ತುದಿ ಜಾಯ್ನರಿನ ಒಳಗೆ ಹೋಗಿರಲಿಲ್ಲ, ಮೇಲೆ ಕೂತಿತ್ತು. ಬೆರಳಲ್ಲಿ ಸವರಿದರೆ ಚೂರು ಎತ್ತರ ತಿಳಿಯುತ್ತಿತ್ತು. ಬಿಚ್ಚಿ ಸರಿಯಾಗಿ ಕೂರಿಸಿದೆ. ಈಗ ಸುತ್ತಿಗೆ 31 ಸೆಕೆಂಡ್, ನಿಲ್ಲದೆ.

ಅಡ್ಡಪಟ್ಟಿ

ಎತ್ತಿಡುವಾಗ ಏನೇನು ಮಾಡುತ್ತೀರಿ ಅಂತ ಈಗಲೇ ಬರೆದಿಟ್ಟುಕೊಳ್ಳಿ. ಕೊನೆಯ ದಿನ ಯಾರಿಗೂ ಉತ್ಸಾಹ ಇರಲ್ಲ.

ಗಾರ್ಡ್ ಡಬ್ಬಿ

ನನ್ನ ಕ್ರಮ ಇಷ್ಟು. ಬಿಚ್ಚುವ ಮೊದಲು ಮೇಲಿನಿಂದ ಒಂದು ಫೋಟೋ. ಪ್ರತಿ ಮನೆಯ ತಳಕ್ಕೆ ಪೆನ್ಸಿಲಿನಲ್ಲಿ ಒಂದು ಅಂಕಿ, ದ್ವೀಪದ ಮೇಲೆ ಅದು ಕೂರುವ ಜಾಗದಲ್ಲೂ ಅದೇ ಅಂಕಿ. ಎಂಜಿನ್ ಬೋಗಿಗಳನ್ನು ಹಳಿಯ ಮೇಲೆ ಬಿಡಬೇಡಿ. ಒರೆಸಿ, ಅವುಗಳ ಡಬ್ಬಿಯಲ್ಲಿಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬ್ಯಾಟರಿ ಇರುವ ದೀಪ ಏನಾದರೂ ಇದ್ದರೆ ಬ್ಯಾಟರಿ ತೆಗೆಯಿರಿ, ಸೋರಿದರೆ ಸಂಪರ್ಕದ ತಗಡೇ ಹೋಗುತ್ತದೆ. ಬಿಸಿಲು ಕಾಯುವ ತಗಡಿನ ಮಾಡಿನ ಕೆಳಗಂತೂ ಇಡಬೇಡಿ, ಪ್ಲಾಸ್ಟಿಕ್ ಮನೆಗಳು ಬಾಗುತ್ತವೆ. ನಡುವೆ ಒಂದೆರಡು ಸಲ ಎಂಜಿನ್ ಹೊರಗೆ ತೆಗೆದು ಹತ್ತು ನಿಮಿಷ ಓಡಿಸಿದರೆ ಒಳಗಿನ ಎಣ್ಣೆ ಗಟ್ಟಿಯಾಗಲ್ಲ. ಇದೊಂದನ್ನು ನಾನೂ ಮರೆಯುತ್ತೇನೆ.

ಹೊಸ ಹಳಿ

ಸೀಸನ್ ಮುಗಿಯಿತು. ಎತ್ತಿಡಲು 35 ನಿಮಿಷ ಹಿಡಿಯಿತು, ಅದರಲ್ಲಿ ಹತ್ತು ನಿಮಿಷ ಒಬ್ಬ ಪ್ರಯಾಣಿಕನನ್ನು ಹುಡುಕಿದ್ದು. 10 ಮಿ.ಮೀ. ಮನುಷ್ಯ ಕೆಳಗೆ ಬಿದ್ದರೆ ದೇವರೇ ಗತಿ. ಕೊನೆಗೆ ಸುರಂಗದೊಳಗೆ ಸಿಕ್ಕಿದ. ರೈಲೇ ಎಳೆದುಕೊಂಡು ಹೋಗಿರಬೇಕು. ಹಲಗೆ ಕಪಾಟಿನ ಮೇಲೆ ಸರಿಯಾಗಿ ಕೂತಿದೆ, ಮೇಲೆ 4 ಸೆಂ.ಮೀ. ಜಾಗ ಉಳಿದಿದೆ.

ಆ 4 ಸೆಂ.ಮೀ.ನಲ್ಲಿ ಇನ್ನೊಂದು ದ್ವೀಪ ಚಪ್ಪಟೆಯಾಗಿ ಹಿಡಿಯುತ್ತದೆ. ಫೋಮ್ ಕತ್ತರಿಸಿಯೂ ಆಯಿತು. ಮಳೆಗಾಲ ಮಾಡಬೇಕು. ಮಂಜಿನ ಗುಡ್ಡ, ರಸ್ತೆಯಲ್ಲಿ ನಿಂತ ನೀರಿಗೆ ಏನು ಹಾಕುತ್ತೀರಿ?

ಮಂಜಿನ ಗುಡ್ಡ

ನೀರು ಹಾಕಬೇಡಿ, ಹೊಳಪು ಹಾಕಿ. ರಸ್ತೆಗೆ ಬಳಿದ ಬೂದು ಬಣ್ಣಕ್ಕೆ ಸ್ವಲ್ಪ ಕಪ್ಪು ಸೇರಿಸಿ, ಗುಂಡಿ ಬೇಕಾದ ಕಡೆ ಬಳಿಯಿರಿ. ಒಣಗಿದ ಮೇಲೆ ಅಷ್ಟಕ್ಕೆ ಮಾತ್ರ ಹೊಳಪಿನ ಅಕ್ರಿಲಿಕ್ ವಾರ್ನಿಶ್, ಮೂರು ಕೋಟ್. ಒಂದೊಂದು ಕೋಟೂ ಪೂರ್ತಿ ಒಣಗಲಿ. ಸೂರುಗಳಿಗೂ ಒಂದು ಕೋಟ್ ಕೊಡಿ, ನೆನೆದ ಹಾಗೆ ಕಾಣುತ್ತದೆ. ಮತ್ತೆ ದೀಪದ ಕಂಬದ ಬುಡದಲ್ಲಿ ಒಂದು ಗುಂಡಿ ಇರಲೇಬೇಕು. ರಾತ್ರಿ ಲೈಟ್ ಆರಿಸಿ, ಊರಿನ ದೀಪ ಹಚ್ಚಿ, ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು ನೋಡಿ.